ಹೈಬ್ರಿಡ್ ಟೊಮೆಟೊ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಏನಾಗುತ್ತದೆ? ಮುಂಬೈ ಬಾಲ್ಕನಿಗೂ ಊರಿನ ಹೊಲಕ್ಕೂ ಬೇಕಾದ ಲೆಕ್ಕ

ಮುಂಬೈ: ವಾಶಿಯ ಎಪಿಎಂಸಿಯಲ್ಲಿ ಲಾರಿಯಿಂದ ಇಳಿದ ಟೊಮೆಟೊ ಮರುದಿನ ಡೊಂಬಿವಿಲಿಯ ಅಡುಗೆಮನೆಯಲ್ಲಿರುತ್ತದೆ. ಮೆತ್ತಗಾದ ಒಂದೆರಡು ಹಣ್ಣನ್ನು ಹಿಚುಕಿ ಬಾಲ್ಕನಿಯ ಕುಂಡಕ್ಕೆ ಹಾಕಿದರೆ ವಾರ ಕಳೆಯುವುದರೊಳಗೆ ಹತ್ತಿಪ್ಪತ್ತು ಸಸಿ ತಲೆ ಎತ್ತುತ್ತವೆ. ಬೀಜಕ್ಕೆ ಒಂದು ಪೈಸೆ ಖರ್ಚಿಲ್ಲ. ಮೂರು ತಿಂಗಳು ಕಾದರೆ ಮಾತ್ರ ವಿಚಿತ್ರ ಕಾಣಿಸುತ್ತದೆ. ಒಂದು ಗಿಡದಲ್ಲಿ ಮೊಟ್ಟೆಯಾಕಾರದ ಹಣ್ಣು, ಪಕ್ಕದ ಗಿಡದಲ್ಲಿ ನಿಂಬೆಯಷ್ಟೇ ಚಿಕ್ಕದು, ಮೂರನೆಯದರಲ್ಲಿ ಎಲೆ ಮುದುಡಿ ಹೂವೇ ನಿಲ್ಲುವುದಿಲ್ಲ. ಎಲ್ಲವೂ ಒಂದೇ ಹಣ್ಣಿನ ಬೀಜಗಳು.

ಬಾಲ್ಕನಿಯಲ್ಲಿ ಇದು ಮನೆಮಂದಿಗೆ ತಮಾಷೆ. ಆದರೆ ಇದೇ ಪ್ರಯೋಗವನ್ನು ಅರ್ಧ ಎಕರೆ ಹೊಲದಲ್ಲಿ ಮಾಡಿದ ಸಣ್ಣ ರೈತನಿಗೆ ಒಂದು ಹಂಗಾಮಿನ ದುಡಿಮೆಯೇ ಕೈತಪ್ಪಬಹುದು. ಹತ್ತು ಗ್ರಾಂ ಪೊಟ್ಟಣಕ್ಕೆ ನೂರಾರು ರೂಪಾಯಿ ಕೊಡುವಾಗ 'ನಮ್ಮ ಹೊಲದ ಹಣ್ಣಿನಲ್ಲೇ ಬೀಜ ಇದೆಯಲ್ಲ, ಮತ್ತೆ ಅಂಗಡಿಗೆ ಏಕೆ ಹೋಗಬೇಕು?' ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಮುಂಬೈಯಲ್ಲಿ ಉದ್ಯೋಗ, ಊರಲ್ಲಿ ಹೊಲ ಎಂದು ಬದುಕುವ ಕನ್ನಡಿಗರ ಮನೆಗಳಲ್ಲೂ ಈ ಪ್ರಶ್ನೆ ಹೊಸದಲ್ಲ.

ಚುಟುಕಾಗಿ ಹೇಳುವುದಾದರೆ, ಹೈಬ್ರಿಡ್ ಟೊಮೆಟೊ ಬೀಜ ಮೊಳೆಯುತ್ತದೆ, ಗಿಡವಾಗುತ್ತದೆ, ಹಣ್ಣನ್ನೂ ಕೊಡುತ್ತದೆ. ಆದರೆ ತಾಯಿ ಗಿಡದಂತೆಯೇ ಇರುತ್ತದೆ ಎಂಬ ಖಾತರಿ ಇಲ್ಲ. ಏಕೆ ಎಂಬುದು ಗೊತ್ತಾದರೆ ಎಲ್ಲಿ ಪ್ರಯೋಗ ಮಾಡಬಹುದು, ಎಲ್ಲಿ ಮಾಡಬಾರದು ಎಂಬುದೂ ಸ್ಪಷ್ಟವಾಗುತ್ತದೆ.

ಏನಿದು ಎಫ್1?

ಬೀಜದ ಪೊಟ್ಟಣದ ಮೇಲೆ 'ಎಫ್1 ಹೈಬ್ರಿಡ್' ಎಂದು ಮುದ್ರಿಸಿರುತ್ತಾರೆ. ಎರಡು ಬೇರೆ ಬೇರೆ ಶುದ್ಧ ತಳಿಗಳನ್ನು ಕೂಡಿಸಿದಾಗ ಹುಟ್ಟುವ ಮೊದಲ ಪೀಳಿಗೆ ಎಂಬುದು ಇದರ ಅರ್ಥ. ಒಂದು ತಳಿಯಲ್ಲಿ ಗಟ್ಟಿ ಹಣ್ಣು, ಇನ್ನೊಂದರಲ್ಲಿ ರೋಗ ತಾಳುವ ಗುಣ ಇದೆ ಎಂದುಕೊಳ್ಳಿ. ಎರಡರ ಮಕ್ಕಳಲ್ಲಿ ಎರಡೂ ಗುಣ ಸೇರುತ್ತವೆ. ತಂದೆ, ತಾಯಿ ಎರಡೂ ಶುದ್ಧ ತಳಿಗಳಾದ್ದರಿಂದ ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ ಇರುತ್ತವೆ. ಎತ್ತರ ಒಂದೇ, ಹಣ್ಣಿನ ಗಾತ್ರ ಒಂದೇ, ಕೊಯ್ಲಿಗೆ ಬರುವ ದಿನವೂ ಹೆಚ್ಚುಕಡಿಮೆ ಒಂದೇ.

ಈ ಬೀಜ ದುಬಾರಿ ಏಕೆ ಎಂಬುದು ತಿಳಿಯಬೇಕಾದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆ ನೋಡಬೇಕು. ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಈ ಭಾಗ ದೇಶದಲ್ಲೇ ಹೆಸರುವಾಸಿ. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇರುತ್ತವೆ. ಬಿಟ್ಟರೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಹಾಗಾಗದಂತೆ, ಮೊಗ್ಗು ಅರಳುವ ಮೊದಲೇ ಗಂಡು ಭಾಗವನ್ನು ಚಿಮಟದಿಂದ ಕಿತ್ತು ತೆಗೆಯಬೇಕು. ಮಾರನೇ ದಿನ ಇನ್ನೊಂದು ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಒಂದೊಂದು ಹೂವಿಗೂ ಇಷ್ಟು ಕೆಲಸ. ಇದನ್ನು ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಪೊಟ್ಟಣದ ಬೆಲೆಯಲ್ಲಿ ಕಂಪನಿಯ ಸಂಶೋಧನೆ ಮತ್ತು ಲಾಭದ ಜೊತೆಗೆ ಈ ಕೂಲಿಯೂ ಸೇರಿದೆ.

ಎರಡನೇ ಪೀಳಿಗೆಯಲ್ಲಿ ಏನಾಗುತ್ತದೆ?

ರೈತನ ಹೊಲದಲ್ಲಿ ಎಫ್1 ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಆ ಹಣ್ಣಿನೊಳಗಿನ ಬೀಜ ಎರಡನೇ ಪೀಳಿಗೆ, ಅಂದರೆ ಎಫ್2. ಅಜ್ಜ–ಅಜ್ಜಿಯ ಗುಣಗಳು ಇಲ್ಲಿ ಇಸ್ಪೀಟು ಎಲೆಗಳಂತೆ ಮತ್ತೆ ಕಲಸಿ ಹಂಚಿಹೋಗುತ್ತವೆ. ಗ್ರೆಗರ್ ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳ ಪ್ರಯೋಗ ಪ್ರಕಟಿಸಿ ತೋರಿಸಿದ್ದು ಇದನ್ನೇ. ಮೊದಲ ಪೀಳಿಗೆಯಲ್ಲಿ ಮರೆಯಾಗಿದ್ದ ಗುಣ ಎರಡನೆಯದರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಗಿಡದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಹೊಲದ ಲೆಕ್ಕದಲ್ಲಿ ಇದನ್ನು ನೋಡೋಣ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ 'ಅರ್ಕಾ ರಕ್ಷಕ್' ಹೈಬ್ರಿಡ್ ಮೂರು ರೋಗಗಳನ್ನು ತಾಳಿಕೊಳ್ಳುತ್ತದೆ: ಎಲೆ ಮುದುಡು ನಂಜುರೋಗ, ದುಂಡಾಣು ಸೊರಗು ರೋಗ ಮತ್ತು ಎಲೆಚುಕ್ಕೆಯ ಅಂಗಮಾರಿ. ಲೆಕ್ಕ ಸರಳವಾಗಲಿ ಎಂದು, ಇಂಥದ್ದೊಂದು ಹೈಬ್ರಿಡ್‌ನಲ್ಲಿ ಒಂದೊಂದು ರೋಗ ತಡೆಯುವ ಗುಣಕ್ಕೆ ಒಂದೊಂದೇ ಪ್ರಬಲ ಜೀನ್ ಕಾರಣ, ಪ್ರತಿ ಜೀನೂ ಒಂದೇ ಕಡೆಯ ಜನಕ ತಳಿಯಿಂದ ಬಂದಿದೆ ಎಂದುಕೊಳ್ಳೋಣ. ಎಫ್2ನಲ್ಲಿ ಒಂದು ಗುಣ ಉಳಿಸಿಕೊಂಡ ಗಿಡಗಳು ನೂರಕ್ಕೆ 75. ಎರಡೂ ಗುಣ ಇರುವವು 56. ಮೂರೂ ಇರುವವು 42 ಮಾತ್ರ.

ಹತ್ತು ಗುಂಟೆಯಲ್ಲಿ 1,800 ಗಿಡ ನೆಟ್ಟರೆ ಸುಮಾರು 760 ಗಿಡಗಳಲ್ಲಷ್ಟೇ ಮೂರೂ ರೋಗ ತಡೆಯುವ ಶಕ್ತಿ ಇರುತ್ತದೆ. ಉಳಿದ 1,000ಕ್ಕೂ ಹೆಚ್ಚು ಗಿಡಗಳು ಯಾವುದಾದರೂ ಒಂದು ರೋಗಕ್ಕೆ ಬಾಗಿಲು ತೆರೆದಿಟ್ಟಂತೆ. ನಿಜವಾದ ಹೊಲದಲ್ಲಿ ಲೆಕ್ಕ ಇನ್ನೂ ಗೋಜಲು. ಸೊರಗು ರೋಗ ತಡೆಯುವಂಥ ಗುಣಗಳ ಹಿಂದೆ ಒಂದಕ್ಕಿಂತ ಹೆಚ್ಚು ಜೀನ್‌ಗಳು ಕೆಲಸ ಮಾಡುತ್ತವೆ. ಗಾತ್ರ, ಇಳುವರಿಯಂಥ ಗುಣಗಳದ್ದೂ ಇದೇ ಕತೆ.

ಇನ್ನೊಂದು ಉದಾಹರಣೆ ಹಣ್ಣಾಗುವಿಕೆಯದ್ದು. ದೂರದ ಪೇಟೆಗೆ ಕಳಿಸುವ ಕೆಲವು ಹೈಬ್ರಿಡ್‌ಗಳಲ್ಲಿ ಹಣ್ಣಾಗುವುದನ್ನು ನಿಧಾನಗೊಳಿಸುವ 'ರಿನ್' ಎಂಬ ಜೀನ್ ಇರುತ್ತದೆ. ಒಂದು ಪ್ರತಿ ಇದ್ದರೆ ಹಣ್ಣು ಹೆಚ್ಚು ದಿನ ಗಟ್ಟಿಯಾಗಿ ಉಳಿಯುತ್ತದೆ. ಎರಡೂ ಪ್ರತಿ ಒಂದೇ ಗಿಡಕ್ಕೆ ಬಂದುಬಿಟ್ಟರೆ ಹಣ್ಣು ಕೆಂಪಾಗುವುದೇ ಇಲ್ಲ, ಹಳದಿಯಾಗಿಯೇ ಉಳಿಯುತ್ತದೆ. ಇಂಥ ಹೈಬ್ರಿಡ್‌ನ ಬೀಜ ಎತ್ತಿಟ್ಟು ಬಿತ್ತಿದರೆ ನಾಲ್ಕರಲ್ಲಿ ಒಂದು ಗಿಡದ ಹಣ್ಣು ಪೇಟೆಗೆ ಹೋಗುವ ಹಾಗೇ ಇರುವುದಿಲ್ಲ.

'ಬಿತ್ತಿದಂತೆ ಬೆಳೆ' ಎಂಬ ಗಾದೆ ನಾಟಿ ಬೀಜಕ್ಕೆ ಸರಿ. ಹೈಬ್ರಿಡ್ ವಿಷಯದಲ್ಲಿ ಮೊದಲ ಬೆಳೆಗೆ ಮಾತ್ರ ಅದು ನಿಜ.

ಮೂರು ತಪ್ಪು ತಿಳಿವಳಿಕೆಗಳು

ಹೈಬ್ರಿಡ್ ಬೀಜ ಬಂಜೆ ಎಂಬುದು ಮೊದಲನೆಯದು. ಹೈಬ್ರಿಡ್ ಟೊಮೆಟೊದ ಬೀಜ ಚೆನ್ನಾಗಿಯೇ ಮೊಳೆಯುತ್ತದೆ. ಮೊಳಕೆ ಬಂತು ಎಂಬ ಖುಷಿಯೇ ಎಷ್ಟೋ ಸಲ ಮುಂದಿನ ನಷ್ಟಕ್ಕೆ ದಾರಿ. ಮರುಮೊಳಕೆ ಬಾರದಂತೆ ಮಾಡುವ 'ಟರ್ಮಿನೇಟರ್' ತಂತ್ರಜ್ಞಾನ ಇರುವ ತಳಿಗಳಿಗೆ ಭಾರತದ ತಳಿ ಸಂರಕ್ಷಣೆ ಕಾಯ್ದೆಯಲ್ಲಿ ನೋಂದಣಿಗೇ ಅವಕಾಶ ಇಲ್ಲ.

ಹೈಬ್ರಿಡ್ ಎಂದರೆ ಕುಲಾಂತರಿ ಎಂಬುದು ಎರಡನೆಯದು. ಎರಡು ಟೊಮೆಟೊ ತಳಿಗಳ ಪರಾಗಸ್ಪರ್ಶದಿಂದ ಹುಟ್ಟುವುದು ಹೈಬ್ರಿಡ್. ಪ್ರಯೋಗಾಲಯದಲ್ಲಿ ಬೇರೆ ಜೀವಿಯ ಜೀನ್ ಸೇರಿಸಿದರೆ ಅದು ಕುಲಾಂತರಿ. ಭಾರತದಲ್ಲಿ ರೈತರ ಕೃಷಿಗೆ ಕುಲಾಂತರಿ ಟೊಮೆಟೊ ಬಂದಿಲ್ಲ. ಬಿಟಿ ಬದನೆಗೂ 2010ರಲ್ಲಿ ತಡೆ ಬಿದ್ದಿದೆ.

ಬೀಜ ಎತ್ತಿಟ್ಟರೆ ಕೇಸು ಬೀಳುತ್ತದೆ ಎಂಬುದು ಮೂರನೆಯದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರ 39ನೇ ಸೆಕ್ಷನ್ ಈ ಬಗ್ಗೆ ಸ್ಪಷ್ಟವಾಗಿದೆ. ಕಾಯ್ದೆಯಡಿ ರಕ್ಷಣೆ ಪಡೆದ ತಳಿಯೇ ಆಗಿದ್ದರೂ ರೈತ ತನ್ನ ಬೆಳೆಯ ಬೀಜವನ್ನು ಎತ್ತಿಡಬಹುದು, ಮತ್ತೆ ಬಿತ್ತಬಹುದು, ಬೇರೆಯವರೊಂದಿಗೆ ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ, ಪೊಟ್ಟಣ ಕಟ್ಟಿ ಮಾರುವಂತಿಲ್ಲ, ಅಷ್ಟೇ. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಕಂಪನಿ ಮೊಕದ್ದಮೆ ಹೂಡಿದಾಗ ರೈತ ಸಂಘಟನೆಗಳು ಹಿಡಿದು ನಿಂತದ್ದು ಇದೇ ಸೆಕ್ಷನ್ ಅನ್ನು. ಕಂಪನಿ ಆ ವರ್ಷವೇ ಮೊಕದ್ದಮೆಗಳನ್ನು ಹಿಂದಕ್ಕೆ ಪಡೆಯಿತು.

ಅಂದರೆ ಹೈಬ್ರಿಡ್ ಬೀಜ ಮತ್ತೆ ಬಿತ್ತುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಬೀಜದೊಳಗಿನ ಗುಣಗಳು ಚದುರುವುದೇ ನಿಜವಾದ ಅಡ್ಡಿ.

ಎಲ್ಲೆಲ್ಲೂ ಹೈಬ್ರಿಡ್ ಬಂದದ್ದು ಹೇಗೆ?

ಟೊಮೆಟೊ ಹೈಬ್ರಿಡ್ ಕತೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರವಿದೆ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಇಂಡೋ–ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ 'ಕರ್ನಾಟಕ' ಎಂಬ ಟೊಮೆಟೊ ಹೈಬ್ರಿಡ್ ಅನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ 'ಭಾರತ್' ಎಂಬ ದೊಣ್ಣೆ ಮೆಣಸಿನಕಾಯಿ ಹೈಬ್ರಿಡ್ ಕೂಡ ಬಂತು. ದೇಶದಲ್ಲಿ ಖಾಸಗಿ ಹೈಬ್ರಿಡ್ ತರಕಾರಿ ಬೀಜಗಳ ಕಾಲ ಶುರುವಾದದ್ದು ಇವುಗಳಿಂದ.

ಅಲ್ಲಿಂದ ಇಲ್ಲಿಗೆ ಐವತ್ತು ವರ್ಷದಲ್ಲಿ ಪೇಟೆಯ ಟೊಮೆಟೊ ಬಹುಪಾಲು ಹೈಬ್ರಿಡ್ ಆಗಿದೆ. ಇದಕ್ಕೆ ಮುಂಬೈಯಂಥ ಮಹಾನಗರಗಳೂ ಕಾರಣ. ಇಲ್ಲಿಗೆ ಟೊಮೆಟೊ ಬರುವುದು ಮುಖ್ಯವಾಗಿ ನಾಶಿಕ್‌ನ ಪಿಂಪಳಗಾವ್, ಪುಣೆ ಜಿಲ್ಲೆಯ ನಾರಾಯಣಗಾವ್ ಕಡೆಯಿಂದ. ಕೊರತೆಯಾದಾಗ ಕರ್ನಾಟಕದಿಂದಲೂ ಲಾರಿಗಳು ಬರುತ್ತವೆ. ಘಟ್ಟ ಇಳಿದು, ವಾಶಿಯಲ್ಲಿ ಕೈ ಬದಲಾಯಿಸಿ, ಟೆಂಪೊ ಹತ್ತಿ ಉಪನಗರ ಸೇರುವವರೆಗೂ ಹಣ್ಣು ಗಟ್ಟಿಯಾಗಿರಬೇಕು. ಕ್ರೇಟಿನಲ್ಲಿರುವ ಹಣ್ಣೆಲ್ಲ ಒಂದೇ ಗಾತ್ರದಲ್ಲಿರಬೇಕು. ತೆಳು ಸಿಪ್ಪೆಯ, ರಸ ತುಂಬಿದ ಹುಳಿ ಟೊಮೆಟೊ ಸಾರಿಗೆ ಎಷ್ಟೇ ರುಚಿಯಾದರೂ ಈ ಪ್ರಯಾಣ ತಾಳುವುದಿಲ್ಲ.

ಸಣ್ಣ ರೈತನ ಲೆಕ್ಕ ಏನು ಹೇಳುತ್ತದೆ?

ಹೈಬ್ರಿಡ್ ಟೊಮೆಟೊ ಬೀಜ ಒಂದು ಎಕರೆಗೆ 40ರಿಂದ 60 ಗ್ರಾಂ ಸಾಕು. ಅಂದರೆ ಹತ್ತು ಗ್ರಾಂನ ನಾಲ್ಕರಿಂದ ಆರು ಪೊಟ್ಟಣ. ಒಂದು ಪೊಟ್ಟಣದಲ್ಲಿ ಸುಮಾರು 3,000 ಬೀಜ ಇರುತ್ತವೆ. ಕೋಲಾರವಾಗಲಿ, ನಾರಾಯಣಗಾವ್ ಆಗಲಿ, ಈಗ ಎಷ್ಟೋ ರೈತರು ಬೀಜವನ್ನೇ ಕೊಳ್ಳುವುದಿಲ್ಲ, ನರ್ಸರಿಯ ಟ್ರೇಗಳಲ್ಲಿ ಬೆಳೆದ ಸಸಿಯನ್ನೇ ಎಣಿಸಿ ತರುತ್ತಾರೆ.

ಆಮೇಲಿನ ಖರ್ಚು ಬೀಜದ ಖರ್ಚನ್ನು ನುಂಗಿಹಾಕುತ್ತದೆ. ಹೊಲ ಹದ ಮಾಡುವುದು, ಗೊಬ್ಬರ, ಹನಿ ನೀರಾವರಿ, ಗಿಡಕ್ಕೆ ಆಸರೆಯಾಗಿ ಕೋಲು ಮತ್ತು ತಂತಿ, ಔಷಧಿ, ಕಟ್ಟುವ–ಕೀಳುವ ಕೂಲಿ, ಬಾಡಿಗೆ, ಕಮಿಷನ್ ಎಲ್ಲ ಸೇರಿದರೆ ಬೀಜದ ಪಾಲು ಚಿಕ್ಕದು. ಎತ್ತಿಟ್ಟ ಬೀಜದಿಂದ ಉಳಿಯುವುದು ಈ ಚಿಕ್ಕ ಪಾಲು ಮಾತ್ರ. ಉಳಿದ ಖರ್ಚು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಆದರೆ ಹಣ್ಣು ಏಕರೂಪವಾಗಿಲ್ಲದೆ ಹರಾಜಿನಲ್ಲಿ ಎರಡನೇ ದರ್ಜೆಗೆ ಇಳಿದರೆ, ಅಥವಾ ಎಲೆ ಮುದುಡು ರೋಗ ಅರ್ಧ ಹೊಲ ಹಿಡಿದರೆ, ಹೋಗುವುದು ಇಡೀ ಬೆಳೆಯ ಬೆಲೆ.

ಹಾಗೆಂದು ಎಫ್2 ಬೆಳೆ ಪೂರ್ತಿ ನೆಲಕಚ್ಚುತ್ತದೆ ಎಂದೇನೂ ಇಲ್ಲ. ಇಳುವರಿ ಎಷ್ಟು ಇಳಿಯುತ್ತದೆ ಎಂಬುದು ಆ ಹೈಬ್ರಿಡ್‌ನ ತಂದೆ–ತಾಯಿ ತಳಿಗಳು ಎಷ್ಟು ಭಿನ್ನವಾಗಿದ್ದವು ಎಂಬುದರ ಮೇಲೆ ನಿಂತಿದೆ. ಮನೆ ಬಳಕೆಗೆ, ವಾರದ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವುದಕ್ಕೆ ಬೆಳೆಯುವವರಿಗೆ ಹಣ್ಣಿನ ಗಾತ್ರ ಹೆಚ್ಚುಕಡಿಮೆಯಾದರೆ ದೊಡ್ಡ ನಷ್ಟವಿಲ್ಲ. ಸಾಲ ಮಾಡಿ, ದೂರದ ಪೇಟೆ ನಂಬಿ ಬೆಳೆಯುವವರಿಗೆ ಅದು ದೊಡ್ಡ ಜೂಜು.

ಬೀಜದೊಂದಿಗೆ ರೋಗವೂ ಬರಬಹುದು

2020ರ ಬೇಸಿಗೆಯಲ್ಲಿ ಮಹಾರಾಷ್ಟ್ರದ ಪುಣೆ, ನಾಶಿಕ್, ಅಹ್ಮದ್‌ನಗರ ಭಾಗದ ಟೊಮೆಟೊ ಹಣ್ಣುಗಳ ಮೇಲೆ ಬಣ್ಣಬಣ್ಣದ ಪಟ್ಟೆ ಕಾಣಿಸಿಕೊಂಡಿತು. ರೈತರು ಅದನ್ನು 'ತಿರಂಗಾ ವೈರಸ್' ಎಂದು ಕರೆದರು. ಮಾದರಿಗಳು ಪರೀಕ್ಷೆಗೆ ಬಂದದ್ದು ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ. ಅವುಗಳಲ್ಲಿ ಸೌತೆ ಮೊಸಾಯಿಕ್ ವೈರಸ್ ಪತ್ತೆಯಾಯಿತು. ಬೀಜ ಕಾರಣವೇ, ಕೀಟ ಕಾರಣವೇ ಎಂಬ ಚರ್ಚೆ ಆಗ ಜೋರಾಗಿ ನಡೆಯಿತು. ಸೌತೆ ಮೊಸಾಯಿಕ್ ಮುಖ್ಯವಾಗಿ ಹರಡುವುದು ಸಸ್ಯಹೇನಿನಿಂದ.

ಬೀಜ ಎತ್ತಿಡುವವರು ಈ ವ್ಯತ್ಯಾಸ ತಿಳಿದಿರಬೇಕು. ಎಲೆ ಮುದುಡು ರೋಗವನ್ನು ಹರಡುವುದು ಬಿಳಿನೊಣ. ಆದರೆ ಟೊಮೆಟೊ ಮೊಸಾಯಿಕ್ ವೈರಸ್ ಮತ್ತು ದುಂಡಾಣುವಿನಿಂದ ಬರುವ ಕೆಲವು ಚುಕ್ಕೆ, ಕ್ಯಾಂಕರ್ ರೋಗಗಳು ಬೀಜದ ಮೇಲೆ ಕೂತು ಮುಂದಿನ ಬೆಳೆಗೆ ದಾಟುತ್ತವೆ. ಆದ್ದರಿಂದ ರೋಗ ಹಿಡಿದ ಗಿಡದ ಹಣ್ಣು ಎಷ್ಟೇ ದಪ್ಪವಾಗಿದ್ದರೂ ಅದರ ಬೀಜ ತೆಗೆಯಬಾರದು.

ಎತ್ತಿಡಲೆಂದೇ ಇರುವ ತಳಿಗಳು

ಪ್ರತಿ ಸಲ ಬೀಜ ಕೊಳ್ಳುವುದು ಬೇಡ ಎನ್ನುವವರಿಗೆ ಸುಲಭದ ದಾರಿ ಬೇರೆ ಇದೆ. ಹೈಬ್ರಿಡ್ ಅಲ್ಲದ, ಬೀಜ ಎತ್ತಿಟ್ಟರೆ ಹಾಗೆಯೇ ಬರುವ ಸುಧಾರಿತ ತಳಿಗಳನ್ನು ಆರಿಸಿಕೊಳ್ಳಬಹುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ರೂಬಿ, ಹೆಸರಘಟ್ಟದ ಅರ್ಕಾ ವಿಕಾಸ್, ಅರ್ಕಾ ಸೌರಭ್, ಅರ್ಕಾ ಆಭಾ ಇಂಥವು. ಕೊಂಕಣದ ಬಿಸಿ, ಹುಳಿ ಮಣ್ಣಿನಲ್ಲಿ ಟೊಮೆಟೊ, ಬದನೆಯನ್ನು ಕಾಡುವ ದುಂಡಾಣು ಸೊರಗು ರೋಗವನ್ನು ಅರ್ಕಾ ಆಭಾ ತಾಳಿಕೊಳ್ಳುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2000ರ ದಶಕದ ಆರಂಭದಲ್ಲಿ ಸಂಕ್ರಾಂತಿ, ನಂದಿ, ವೈಭವ್ ಎಂಬ ಮೂರು ತಳಿಗಳನ್ನು ಬಿಡುಗಡೆ ಮಾಡಿತು. ಮೂರೂ ಎಲೆ ಮುದುಡು ರೋಗ ತಾಳುವಂಥವು, ಮೂರೂ ಹೈಬ್ರಿಡ್ ಅಲ್ಲದವು. ರೋಗ ತಡೆಯುವ ಗುಣ ಬೇಕಾದರೆ ಹೈಬ್ರಿಡ್ ಒಂದೇ ಗತಿ ಎಂಬ ಮಾತು ಪೂರ್ತಿ ನಿಜವಲ್ಲ ಎಂಬುದಕ್ಕೆ ಇವೇ ಸಾಕ್ಷಿ.

ಮಹಾರಾಷ್ಟ್ರದಲ್ಲಿ ಅಕೋಲೆ ತಾಲ್ಲೂಕಿನ ಕೊಂಭಾಳಣೆ ಗ್ರಾಮದ ರಾಹಿಬಾಯಿ ಪೊಪೆರೆ ನೂರಾರು ದೇಸಿ ಬೀಜಗಳನ್ನು ಉಳಿಸಿ, ಹಂಚಿ 'ಬೀಜಮಾತೆ' ಎಂದೇ ಹೆಸರಾದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಕರ್ನಾಟಕದಲ್ಲಿ ಸಹಜ ಸಮೃದ್ಧದಂಥ ಸಂಸ್ಥೆಗಳು ದೇಸಿ ಬೀಜಗಳನ್ನು ರೈತರ ನಡುವೆ ಉಳಿಸುವ ಕೆಲಸ ಮಾಡುತ್ತಿವೆ.

ಒಂದು ಎಚ್ಚರಿಕೆ ಇದೆ. ಪೇಟೆಯಲ್ಲಿ 'ನಾಟಿ' ಅಥವಾ 'ಗಾವಠಿ' ಎಂದು ಮಾರುವ ಹಣ್ಣೆಲ್ಲ ಹಳೆಯ ತಳಿಯೇ ಆಗಿರುವುದಿಲ್ಲ. ದುಂಡಗಿನ, ಹುಳಿ ರುಚಿಯ ಹೈಬ್ರಿಡ್‌ಗಳೂ ಇವೆ. ಹಣ್ಣು ನೋಡಿ ತಳಿ ಹೇಳುವುದು ಕಷ್ಟ. ಬೀಜ ಎತ್ತಿಡುವ ಉದ್ದೇಶ ಇದ್ದರೆ ಮೊದಲ ಬೀಜವನ್ನು ಕೃಷಿ ವಿಶ್ವವಿದ್ಯಾಲಯದಿಂದಲೋ, ಸಂಶೋಧನಾ ಸಂಸ್ಥೆಯಿಂದಲೋ, ನಂಬಿಕೆಯ ಬೀಜ ಬ್ಯಾಂಕಿನಿಂದಲೋ ತರುವುದು ಒಳ್ಳೆಯದು.

ಹೈಬ್ರಿಡ್‌ನಿಂದಲೇ ಸ್ವಂತ ತಳಿ ಮಾಡಬಹುದೇ?

ಮಾಡಬಹುದು. ಪೂಸಾ ರೂಬಿ ಕೂಡ 'ಸಿಯು' ಮತ್ತು 'ಇಂಪ್ರೂವ್ಡ್ ಮೀರತಿ' ಎಂಬ ಎರಡು ತಳಿಗಳನ್ನು ಕೂಡಿಸಿ, ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತಾ ಬಂದು ಸ್ಥಿರಗೊಳಿಸಿದ್ದು. ರೈತನೂ ಇದೇ ದಾರಿ ಹಿಡಿಯಬಹುದು. ಬೇಕಾದದ್ದು ತಾಳ್ಮೆ ಮತ್ತು ಗಿಡದ ಮೇಲೆ ಕಣ್ಣು.

ಟೊಮೆಟೊ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಪ್ರತಿ ಪೀಳಿಗೆಯಲ್ಲೂ ಗುಣಗಳ ಮಿಶ್ರಣ ಅರ್ಧಕ್ಕೆ ಇಳಿಯುತ್ತದೆ. ಎಫ್1ನಲ್ಲಿ ಅದು ನೂರು ಎಂದಿಟ್ಟುಕೊಂಡರೆ ಎಫ್2ನಲ್ಲಿ 50, ಎಫ್3ನಲ್ಲಿ 25, ಎಫ್4ನಲ್ಲಿ 12.5, ಎಫ್5ನಲ್ಲಿ ಆರು ಚಿಲ್ಲರೆ, ಎಫ್6ನಲ್ಲಿ ಮೂರು, ಎಫ್7ನಲ್ಲಿ ಎರಡಕ್ಕಿಂತ ಕಡಿಮೆ. ಅಲ್ಲಿಗೆ ತಳಿ ಬಹುತೇಕ ಸ್ಥಿರವಾದಂತೆ. ವರ್ಷಕ್ಕೆ ಎರಡು ಬೆಳೆ ತೆಗೆದರೆ ಮೂರು ವರ್ಷದ ಕೆಲಸ.

ಮಾಡುವ ಕ್ರಮ ಹೀಗೆ. ಮೊದಲ ಸಲ ಕನಿಷ್ಠ 50ರಿಂದ 100 ಎಫ್2 ಗಿಡಗಳನ್ನು ನೆಡಬೇಕು. ಹತ್ತು ಗಿಡ ನೆಟ್ಟರೆ ಆರಿಸಲು ಏನೂ ಇರುವುದಿಲ್ಲ. ಆರೋಗ್ಯ, ಹಣ್ಣಿನ ಆಕಾರ, ರುಚಿ, ಇಳುವರಿ ನೋಡಿ ನಾಲ್ಕೈದು ಒಳ್ಳೆಯ ಗಿಡಗಳಿಗೆ ದಾರ ಕಟ್ಟಿ ಗುರುತು ಮಾಡಬೇಕು. ಒಂದೊಂದು ಗಿಡದ ಬೀಜವನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಇಡಬೇಕು, ಕಲಸಬಾರದು. ಮುಂದಿನ ಬೆಳೆಯಲ್ಲಿ ಪ್ರತಿ ಪೊಟ್ಟಣದಿಂದ ಇಪ್ಪತ್ತು ಗಿಡ ನೆಟ್ಟು ಮತ್ತೆ ಆರಿಸಬೇಕು. ಆರನೇ ಬೆಳೆಯ ಹೊತ್ತಿಗೆ ಒಂದು ಪೊಟ್ಟಣದ ಗಿಡಗಳೆಲ್ಲ ಒಂದೇ ತೆರನಾಗಿ ಕಂಡರೆ ಅದು ರೈತನ ಸ್ವಂತ ತಳಿ.

ಇದನ್ನು ಇಡೀ ಹೊಲದಲ್ಲಿ ಮಾಡಬಾರದು. ಬದುವಿನ ಪಕ್ಕದ ಒಂದು ಸಾಲು ಸಾಕು. ಉಳಿದ ಹೊಲದಲ್ಲಿ ಪೇಟೆಗೆ ಬೇಕಾದ ಹೈಬ್ರಿಡ್ ಇದ್ದರೆ ಮನೆ ನಡೆಯುತ್ತದೆ, ಪ್ರಯೋಗವೂ ನಡೆಯುತ್ತದೆ. ಒಂದು ಮಿತಿಯೂ ಇದೆ. ಮೊದಲ ಪೀಳಿಗೆಯ ಹುರುಪು ಪೂರ್ತಿಯಾಗಿ ಉಳಿಯುತ್ತದೆ ಎಂದು ನಿರೀಕ್ಷಿಸುವಂತಿಲ್ಲ.

ಮುಂಬೈಯಲ್ಲಿ ಬೆಳೆಯುವವರಿಗೆ

ಮಹಾನಗರದಲ್ಲೂ ಕೃಷಿ ಇದೆ. ಲೋಕಲ್ ರೈಲಿನ ಕಿಟಕಿಯಿಂದ ಕಾಣುವ ಹಳಿ ಪಕ್ಕದ ಪಾಲಕ್, ಬೆಂಡೆ, ಮೂಲಂಗಿ ಪಾತಿಗಳು 'ಹೆಚ್ಚು ಆಹಾರ ಬೆಳೆಯಿರಿ' ಯೋಜನೆಯಡಿ ರೈಲ್ವೆ ಸಿಬ್ಬಂದಿಗೆ ಪರವಾನಗಿ ಮೇಲೆ ಕೊಟ್ಟ ಜಾಗಗಳಲ್ಲಿ ಬೆಳೆದವು. ಆರೆ ಕಾಲೊನಿಯ ಆದಿವಾಸಿ ಪಾಡಾಗಳಲ್ಲಿ, ವಸಯಿಯ ವಾಡಿಗಳಲ್ಲಿ ತರಕಾರಿ ಬೆಳೆಯುತ್ತಾರೆ. ಮುಂಬೈ ಪೋರ್ಟ್ ಟ್ರಸ್ಟ್‌ನ ಅಡುಗೆಮನೆಯ ತಾರಸಿಯಲ್ಲಿ ಅಲ್ಲಿನದೇ ಹಸಿ ಕಸ ಬಳಸಿ ಬೆಳೆಸಿದ ತೋಟ ಎಷ್ಟೋ ಜನರಿಗೆ ಮಾದರಿಯಾಯಿತು. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿ ದಾಟಿ ಏರುತ್ತಾ ಹೋದದ್ದು ಬಾಲ್ಕನಿಯಲ್ಲಿ ಎರಡು ಗಿಡ ಇದ್ದಿದ್ದರೆ ಎಂದು ಅನೇಕರಿಗೆ ಅನ್ನಿಸಿದ ಕಾಲ.

ಮನೆ ಕುಂಡದಲ್ಲಿ ಪೇಟೆಯ ಹಣ್ಣಿನ ಬೀಜ ಹಾಕಿ ನೋಡಲು ಅಡ್ಡಿಯಿಲ್ಲ. ಇಪ್ಪತ್ತು ಸಸಿಯಲ್ಲಿ ಗಟ್ಟಿಯಾದ ನಾಲ್ಕನ್ನು ಉಳಿಸಿ, ಉಳಿದವನ್ನು ಕಿತ್ತರೆ ಒಳ್ಳೆಯ ಹಣ್ಣು ಸಿಗುವ ಸಾಧ್ಯತೆ ಹೆಚ್ಚು. ಆದರೆ ಎರಡೇ ಕುಂಡಕ್ಕೆ ಜಾಗ ಇದೆ, ಆರು ತಿಂಗಳು ನೀರು ಹಾಕಿದ ಮೇಲೆ ನಿರಾಸೆ ಬೇಡ ಎನ್ನುವವರು ಗೊತ್ತಿರುವ ತಳಿಯ ಬೀಜ ತರುವುದೇ ಲೇಸು.

ಕಾಲವೂ ಮುಖ್ಯ. ಮುಂಬೈಯ ಜೂನ್–ಜುಲೈ ಮಳೆಯಲ್ಲಿ ಟೊಮೆಟೊ ಬೇರು ಕೊಳೆಯುತ್ತದೆ. ಏಪ್ರಿಲ್–ಮೇ ಸೆಕೆಯಲ್ಲಿ, ರಾತ್ರಿಯೂ ತಂಪಾಗದ ಕಾರಣ, ಹೂವು ಉದುರುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ ಬಿತ್ತಿದರೆ ಚಳಿಗಾಲದ ತಂಪಿನಲ್ಲಿ ಕಾಯಿ ಚೆನ್ನಾಗಿ ನಿಲ್ಲುತ್ತದೆ.

ಬೀಜ ತೆಗೆದು ಇಡುವುದು ಹೇಗೆ?

• ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣು ಆರಿಸಿ. ಕಾಯಿ ಕಿತ್ತು ಮಾಗಿಸಿದ್ದು ಬೇಡ.

• ತಿರುಳನ್ನು ಬೀಜ ಸಮೇತ ಗಾಜಿನ ಲೋಟಕ್ಕೆ ಹಿಂಡಿ, ಒಂದೆರಡು ದಿನ ಹುಳಿ ಬರಲು ಬಿಡಿ. ಮುಂಬೈಯ ಸೆಕೆಯಲ್ಲಿ ಒಂದೂವರೆ ದಿನ ಸಾಕಾಗಬಹುದು. ಹೆಚ್ಚು ಬಿಟ್ಟರೆ ಬೀಜ ಲೋಟದಲ್ಲೇ ಮೊಳೆಯುತ್ತದೆ. ಹುಳಿ ಬಂದಾಗ ಬೀಜದ ಸುತ್ತಲಿನ ಲೋಳೆ ಬಿಡುತ್ತದೆ, ಕೆಲವು ರೋಗಾಣುಗಳೂ ಕಡಿಮೆಯಾಗುತ್ತವೆ.

• ನೀರು ಹಾಕಿ ಕದಡಿ. ತೇಲುವ ಜೊಳ್ಳು ಚೆಲ್ಲಿ, ತಳದಲ್ಲಿ ಕೂತ ಬೀಜ ತೊಳೆದು, ತಟ್ಟೆಯ ಮೇಲೆ ತೆಳ್ಳಗೆ ಹರಡಿ ನೆರಳಿನಲ್ಲಿ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ.

• ದುಂಡಾಣು ರೋಗದ ಭಯ ಇದ್ದರೆ 50 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 25 ನಿಮಿಷ ಇಡುವ ಪದ್ಧತಿ ಇದೆ. ತಾಪಮಾಪಕ ಇಲ್ಲದೆ ಅಂದಾಜಿನಲ್ಲಿ ಮಾಡಬೇಡಿ. ಬಿಸಿ ಮಿತಿ ಮೀರಿದರೆ ಮೊಳಕೆಯೇ ಸಾಯುತ್ತದೆ.

• ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ತಳಿಯ ಹೆಸರು, ದಿನಾಂಕ ಬರೆದಿಡಿ. ಬೀಜದಲ್ಲಿ ತೇವ ಶೇ 8 ಮೀರಬಾರದು ಎಂಬುದು ದೇಶದ ಬೀಜ ಪ್ರಮಾಣೀಕರಣದ ಮಾನದಂಡ. ಮಳೆಗಾಲದ ಮುಂಬೈಯಲ್ಲಿ ತೆರೆದಿಟ್ಟ ಬೀಜ ಈ ಮಿತಿ ಬೇಗ ದಾಟುತ್ತದೆ. ಹಳೆಯ ಕಾಲದವರು ಬೀಜವನ್ನು ಬೂದಿಯಲ್ಲಿ ಹೊರಳಿಸಿ ಇಡುತ್ತಿದ್ದದ್ದು ಈ ಕಾರಣಕ್ಕೇ.

• ಮರುವರ್ಷ ಬಿತ್ತುವ ಮುನ್ನ ಒದ್ದೆ ಬಟ್ಟೆಯಲ್ಲಿ 20 ಬೀಜ ಇಟ್ಟು ನೋಡಿ. 14ಕ್ಕಿಂತ ಕಡಿಮೆ ಮೊಳೆತರೆ ಪ್ರಮಾಣಿತ ಬೀಜಕ್ಕೆ ಇರಬೇಕಾದ ಶೇ 70ರ ಮಟ್ಟ ಅದಕ್ಕಿಲ್ಲ.

• ಹೈಬ್ರಿಡ್ ಅಲ್ಲದ ತಳಿಯ ಬೀಜ ಎತ್ತುವವರು ಬೇರೆ ತಳಿಯಿಂದ ಗಿಡಗಳನ್ನು ದೂರ ಇಡಬೇಕು. ಪ್ರಮಾಣಿತ ಬೀಜೋತ್ಪಾದನೆಗೆ 25 ಮೀಟರ್ ಅಂತರ ನಿಗದಿಯಾಗಿದೆ. ಜೇನು ಪರಾಗ ಹೊತ್ತು ತಂದರೆ ಶುದ್ಧ ತಳಿಯೂ ಬೆರಕೆಯಾಗುತ್ತದೆ.

ಕೊಳ್ಳುವವರ ಹಕ್ಕು

ಬೀಜ ಕೊಂಡೇ ಬೆಳೆಯುವವರು ಪೊಟ್ಟಣ ಮತ್ತು ರಸೀದಿಯನ್ನು ಬೆಳೆ ಮುಗಿಯುವವರೆಗೂ ಬಿಸಾಡಬಾರದು. ನೋಂದಾಯಿತ ತಳಿ ಯಾವ ಪರಿಸ್ಥಿತಿಯಲ್ಲಿ ಎಷ್ಟು ಫಲ ಕೊಡುತ್ತದೆ ಎಂಬುದನ್ನು ತಳಿಗಾರರು ರೈತರಿಗೆ ತಿಳಿಸಬೇಕು. ಅದರಂತೆ ಬಾರದಿದ್ದರೆ 2001ರ ಕಾಯ್ದೆಯಡಿ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ತಾನೇ ಎತ್ತಿಟ್ಟ ಎಫ್2 ಬೀಜ ಕೈಕೊಟ್ಟರೆ ಹೀಗೆ ಕೇಳಲು ಯಾರೂ ಇರುವುದಿಲ್ಲ.

ಬಣ್ಣ ಹಾಕಿದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ. ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಕೊನೆಗೆ ಬೀಜದ ಅಂಗಡಿಗೆ ಹೋಗುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಬೆಳೆ ಯಾರಿಗಾಗಿ? ಕ್ರೇಟು ತುಂಬಿ ವಾಶಿಗೋ ಕೋಲಾರಕ್ಕೋ ಹೋಗಬೇಕಾದರೆ ಹೊಸ ಬೀಜವೇ ಸುರಕ್ಷಿತ. ಮನೆಯ ಸಾರಿಗೆ, ಊರಿನ ಸಂತೆಗೆ ಆದರೆ ಎತ್ತಿಟ್ಟರೂ ಕೆಡದ ತಳಿ ಸಾಕು. ಸ್ವಂತ ತಳಿ ಮಾಡುವ ಆಸೆ ಇದ್ದರೆ ಒಂದು ಸಾಲು ಬಿಟ್ಟುಕೊಡಿ, ಇಡೀ ಹೊಲವನ್ನಲ್ಲ.